ಸೆನ್ಸರಿಗೆ ಸೇರಿಸಿದ ತಂತಿ

ಮಕ್ತಲ್ ಕಡೆಯ ಒಂದು ಸಣ್ಣ ಪಶು ಪ್ರಯೋಗಾಲಯದಲ್ಲಿ ಲಸಿಕೆಗಳ ಫ್ರಿಜ್ ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಮಳೆಗಾಲ, ನಾವು ಲಸಿಕೆ ಹಾಕಿದ್ದ ಹಿಂಡಿನಲ್ಲೇ ಕುರಿಗಳು ಕರುಳುಬೇನೆಯಿಂದ ಸಾಯತೊಡಗಿದವು. ಫ್ರಿಜ್ಜಿನ ತಂಪನ್ನು ನಿಯಂತ್ರಿಸುವ ಮೀಟರು ಮಾತ್ರ ಸದಾ ಸರಿಯಾದ ಉಷ್ಣತೆಯನ್ನೇ ತೋರಿಸುತ್ತಿತ್ತು.

ಅನುಮಾನ ಬಂದು, ಫ್ರಿಜ್ಜಿನೊಳಗಿದ್ದ ಅದರ ಸೆನ್ಸರನ್ನು ಪುಡಿಮಾಡಿದ ಮಂಜುಗಡ್ಡೆಯ ನೀರಿನಲ್ಲಿಟ್ಟೆ. ಸೊನ್ನೆ ತೋರಿಸಬೇಕಿದ್ದ ಮೀಟರು ಐದು ಡಿಗ್ರಿ ತೋರಿಸಿತು. ಮೀಟರನ್ನು ಪಕ್ಕದ ಕೋಣೆಗೆ ಸಾಗಿಸಿದಾಗ ಯಾರೋ ಸೆನ್ಸರಿಗೆ ತೆಳು ತಂತಿ ಸೇರಿಸಿ ಉದ್ದ ಮಾಡಿದ್ದರು. ಆ ತಂತಿಯ ಪ್ರತಿರೋಧವನ್ನೂ ಮೀಟರು ಶಾಖವೆಂದೇ ಎಣಿಸಿ, ಫ್ರಿಜ್ಜನ್ನು ಇನ್ನಷ್ಟು ತಣ್ಣಗಾಗಿಸಿತ್ತು. ಲಸಿಕೆ ಹೆಪ್ಪುಗಟ್ಟಿ ಕೆಟ್ಟಿತ್ತು.

ಹೊಸ ಲಸಿಕೆ ತೆಗೆದುಕೊಂಡು ಆ ಕುರಿಗಾರನ ಹಟ್ಟಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಸತ್ತ ಕುರಿಗಳಿಗೆ ಗುಂಡಿ ತೋಡುತ್ತಿದ್ದ ಅವನು ಸಲಿಕೆ ಬಿಡಲಿಲ್ಲ.

"ಮಿಷನ್ನ ಸುಳ್ಳು ಹೇಳಿದ್ರ ಯಾರನ್ನ ಕೇಳಬೇಕ್ರಿ ಮೇಡಮ್ಮಾ? ನಿಮ್ಮ ಸೂಜಿ ಬ್ಯಾಡ್ರಿ. ನಮ್ಮ ದ್ಯಾವ್ರು ಬೀರಪ್ಪ ಅದಾನ."

"ಉಳಿದವಾದ್ರೂ ಬದುಕ್ತಾವಪ್ಪಾ," ಎಂದೆ.

"ಹೋದಸಲನೂ ಹಿಂಗ ಅಂದಿದ್ರಿ."

ಅವನ ಹೆಂಡತಿ ಗಬ್ಬದ ಕುರಿಯೊಂದನ್ನು ಎಳೆದು ತಂದು ನನ್ನ ಮುಂದೆ ಹಿಡಿದಳು.

"ಇದು ನನ್ನ ತವರಿಂದರಿ. ಇದಕ್ಕ ಹಾಕ್ರಿ."

ಅದೊಂದಕ್ಕೆ ಹಾಕಿ ಬಂದೆ.

ಚಳಿಗಾಲದಲ್ಲಿ ಆಕೆ ಗದ್ವಾಲದ ಬಸ್ಸಿನಲ್ಲಿ ಸಿಕ್ಕಳು. ಗಟ್ಟು ಊರಿನ ಕಡೆ ಹತ್ತಿ ಬಿಡಿಸುವ ಕೂಲಿಗೆ ಹೊರಟಿದ್ದಳು. ಕುರಿಯ ಬಗ್ಗೆ ಕೇಳಿದೆ.

"ಎಲ್ಲಾ ನಾರಾಯಣಪೇಟೆ ಕಟುಗರಿಗೆ ಕೊಟ್ಟಾನ್ರಿ," ಎಂದಳು. "ತವರಿಂದು ಅಂದ್ರೂ ಅದನ್ನ ಬಿಡಲಿಲ್ಲ. ಮರಿ ಹೊಟ್ಯಾಗ ಇತ್ತು."