ಅರಿಶಿನ ಹಚ್ಚಿದ ಬಂದೂಕು

ನನ್ನ ನೆನಪಿನಲ್ಲಿ ಆ ಬಂದೂಕಿನ ಹಿಡಿ ಚೆಂಡುಹೂವಿನಷ್ಟು ಹಳದಿ. ಮೊನ್ನೆ ನೋಡಿದಾಗ ಅದು ಜೋಳದ ರೊಟ್ಟಿಯ ಬಣ್ಣಕ್ಕೆ ಇಳಿದಿತ್ತು. ಅರಿಶಿನ ಬಿಸಿಲಿಗೆ ನಿಲ್ಲುವುದಿಲ್ಲ, ಅದು ನಿಜ. ಆದರೆ ಈ ಕತೆಯನ್ನು ಹೇಳುತ್ತ ಹೇಳುತ್ತ ನಾನೇ ಅದನ್ನು ಪ್ರತಿ ಸಲ ಒಂದಿಷ್ಟು ಹೆಚ್ಚು ಹಳದಿ ಮಾಡಿರಲೂಬಹುದು. ದಿನಾ ಡೈರಿ ಬರೆಯುವವಳು ನಾನು. ಅದಕ್ಕೆ ಅರಿಶಿನ ಹಚ್ಚಿದ ದಿನದ ಪುಟದಲ್ಲಿ ಬಸ್ಸು ಕೆಟ್ಟುನಿಂತ ಸುದ್ದಿ ಇದೆ, ಊಟದ ಸುದ್ದಿ ಇದೆ, ಬಣ್ಣದ ಮಾತೇ ಇಲ್ಲ.

ಕಾಕಾನ ಹೊಲ ಇರುವುದು ರಾಣೆಬೆನ್ನೂರು ತಾಲೂಕಿನಲ್ಲಿ, ಕೃಷ್ಣಮೃಗಗಳ ಕಾಡಿನ ಮಗ್ಗುಲಿಗೆ. ಗೋವಿನಜೋಳದ ತೆನೆ ಹಾಲು ತುಂಬಿತೆಂದರೆ ಹಂದಿಗಳು ಬರುತ್ತವೆ. ಬೆಳೆ ಕಾಯಲೆಂದು ಕಾಕಾನ ಹೆಸರಿನಲ್ಲಿ ಲೈಸೆನ್ಸ್ ಇರುವ ಒಂಟಿ ನಳಿಗೆಯ ಬಂದೂಕೊಂದಿದೆ. ನಳಿಗೆಯ ಬಾಯಿಂದ ಮದ್ದು ತುಂಬಿ ಜಡಿಯುವ ಹಳೆಯ ನಮೂನೆಯದು. ಅವನ ಹೆಂಡತಿ ಚಿಗವ್ವನಿಗೆ ಅದನ್ನು ಕಂಡರೆ ಆಗದು. ಗಳಗನಾಥದ ಕಡೆಯ ಅವಳ ತವರಿನಲ್ಲಿ ಇಂಥದೇ ಬಂದೂಕು ಸಿಡಿದು ಅವಳ ಅಣ್ಣನ ಎರಡು ಬೆರಳು ಹೋಗಿದ್ದವು. ಕಾಕಾ ಬಂದೂಕು ಹೆಗಲಿಗೇರಿಸಿ ಹೊಲಕ್ಕೆ ಹೋದನೆಂದರೆ ಅವಳಿಗೆ ನಿದ್ದೆಯಿಲ್ಲ. ಸುತ್ತಲಿನ ಹೊಲದವರೆಲ್ಲ ಹಂದಿ ಓಡಿಸಲು ಪಟಾಕಿ ಹೊಡೆಯುವವರು. ಯಾವುದು ಪಟಾಕಿ, ಯಾವುದು ಬಂದೂಕು ಎಂದು ಮನೆಯಲ್ಲಿ ಕೂತವಳಿಗೆ ತಿಳಿಯುವ ಹಾಗಿರಲಿಲ್ಲ. ಪ್ರತಿ ಸದ್ದಿಗೂ ಅಣ್ಣನ ಕೈ ಕಣ್ಣ ಮುಂದೆ ಬರುತ್ತಿತ್ತಂತೆ.

ಹಾಗಾಗಿ ಬಂದೂಕಿನ ಹಿಡಿಯ ಕಟ್ಟಿಗೆ ಸೀಳಿಹೋದ ವರ್ಷ ಚಿಗವ್ವ ಸಂಭ್ರಮಪಟ್ಟಳು. ಅದು ಬಹಳ ದಿನ ನಡೆಯಲಿಲ್ಲ. ಕಾಕಾ ಹಿತ್ತಿಲಲ್ಲಿ ಬಿದ್ದಿದ್ದ ಮಾವಿನ ಮರದ ತುಂಡೊಂದನ್ನು ತೆಗೆದು, ಬಿಡುವಾದಾಗಲೆಲ್ಲ ಕೆತ್ತಿ, ಉಜ್ಜಿ, ಹೊಸ ಹಿಡಿಯನ್ನೇ ಮಾಡಿಬಿಟ್ಟ. ಹಾವೇರಿಯ ಬಂದೂಕು ರಿಪೇರಿ ಅಂಗಡಿಯವರು ಅದನ್ನು ನಳಿಗೆಗೆ ಕೂಡಿಸಿಕೊಟ್ಟರು. ಅವನು ಅದನ್ನು ಹಸುಗೂಸಿನಂತೆ ಎತ್ತಿಕೊಂಡು ಮನೆಗೆ ಬಂದ ಭಾನುವಾರ ನಾನು ಅಲ್ಲಿದ್ದೆ.

"ಮಾಡೀರಿ, ಆತು. ಆದ್ರ ಆ ಮೊದಲಿನ ಕರೀ ಬಣ್ಣ ಮತ್ತ ನನ್ನ ಕಣ್ಣಿಗೆ ಬೀಳಬಾರದು ನೋಡ್ರಿ," ಎಂದಳು ಚಿಗವ್ವ.

"ಹಂಗಾರ ಬಣ್ಣ ನೀನ ಹೇಳು. ನೀ ಅಂದದ್ದ ಹಚ್ತೇನಿ."

"ಖರೇನ?"

"ಖರೇ."

"ಅರಿಶಿಣ ಹಚ್ರಿ."

ಚುನಾವಣೆ ಹತ್ತಿರ ಬಂದಿತ್ತು. ಆಗ ಲೈಸೆನ್ಸ್ ಇದ್ದವರೆಲ್ಲ ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಮೀಸೆ ಹೊತ್ತ ಗಂಡಸರ ಸಾಲಿನಲ್ಲಿ ಅರಿಶಿನದ ಬಂದೂಕು ಹಿಡಿದು ನಿಲ್ಲುವ ಗಂಡಸು ಯಾರಿದ್ದಾನೆ? ಅವಳ ಲೆಕ್ಕ ನನಗೆ ಅಲ್ಲೇ ತಿಳಿಯಿತು. ಕಾಕಾನಿಗೆ ತಿಳಿಯಿತೋ ಇಲ್ಲವೋ ಈಗಲೂ ಹೇಳಲಾರೆ.

"ಆಗಂಗಿಲ್ಲ ಅಂದ್ರ ಬಿಡ್ರಿ. ಲೈಸೆನ್ಸ್ ವಾಪಸ್ ಕೊಟ್ಟು ಆರಾಮ ಮನ್ಯಾಗ ಮಲಕೋರಿ," ಎಂದು ಅವಳು ಇನ್ನೊಂದು ಮಾತು ಸೇರಿಸಿದಳು.

ಕಾಕಾ ಹಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ದೇವರಗುಡ್ಡದ ಗುಡ್ಯಾಗ ಹಣಿಗೆ ಹಚ್ಚೂ ಭಂಡಾರದ ಬಣ್ಣ. ಭಾಳ ಛಲೋ ಆಕ್ಕೇತಿ ತಗೋ."

ಚಿಗವ್ವನ ಮುಖ ನೋಡಬೇಕಿತ್ತು.

ಮರುದಿನ ಯಾವುದೋ ಕೆಲಸಕ್ಕೆ ಬ್ಯಾಡಗಿಗೆ ಹೋದಾಗ ಕಾಕಾ ನನ್ನನ್ನು ಒಂದು ಬಣ್ಣದ ಅಂಗಡಿಗೆ ಎಳೆದುಕೊಂಡು ಹೋದ. ಬಿಳಿ ಗಡ್ಡದ ಸಾಹೇಬರು ಕಟ್ಟಿಗೆಗೆ ಹಚ್ಚುವ ಬಣ್ಣದ ಬಾಟಲಿಗಳನ್ನು ಸಾಲಾಗಿ ಇಟ್ಟರು. "ಅಖ್ರೋಟ್ ಐತ್ರಿ, ಶೀಸಂ ಐತಿ, ಸಾಗವಾನಿ ಐತಿ. ಯಾವುದು ಕೊಡ್ಲಿ?"

"ಅರಿಶಿಣ."

ಸಾಹೇಬರು ಕನ್ನಡಕ ತೆಗೆದರು. "ಬ್ಯಾಡಗಿಗೆ ಬಂದು ಹಳದಿ ಕೇಳ್ತೀರಲ್ರೀ! ಕೆಂಪ ಕೇಳ್ರಿ, ನಮ್ಮೂರಾಗ ಗಾಳಿಯೊಳಗ ಸಿಗತೈತಿ. ಅರಿಶಿಣ ಬೇಕಂದ್ರ ಕಿರಾಣಿ ಅಂಗಡಿಗೆ ಹೋಗ್ರಿ." ಆಮೇಲೆ, ಯಾವ ಬಣ್ಣವಾದರೂ ಮೇಲೊಂದು ಪಾಲಿಶ್ ಇಲ್ಲದಿದ್ದರೆ ನಿಲ್ಲುವುದಿಲ್ಲ ಎಂದೂ ಹೇಳಿದರು. ಕಾಕಾ ಹೂಂ ಅಂದ. ಪಾಲಿಶ್ ಮಾತ್ರ ಒಯ್ಯಲಿಲ್ಲ.

ಅರಿಶಿನ ಕಲಸಿ ಹಳೆಯ ಪಂಚೆಯ ಚೂರಿನಿಂದ ನಾವಿಬ್ಬರೂ ಹಚ್ಚಿದೆವು. ಕಡೆಗೆ ಚಿಗವ್ವ, "ಎಲ್ಲಾ ಗಂಟ ಗಂಟ ಮಾಡೀರಿ, ಸರೀರಿ ಅತ್ತಾಗ," ಎಂದು ಬಟ್ಟೆ ಕಸಿದುಕೊಂಡು ತಾನೇ ಹಚ್ಚಿದಳು. ಹೌದೇ? ಹಳದಿಯಾದ ಅವಳ ಬೆರಳುಗಳು ನನಗೆ ಸ್ಪಷ್ಟವಾಗಿ ನೆನಪಿವೆ. ಆದರೆ ಅಡಿಗೆಮನೆಯಲ್ಲಿರುವ ಅವಳ ಬೆರಳು ಯಾವತ್ತು ಹಳದಿಯಾಗಿರಲಿಲ್ಲ?

ಠಾಣೆಯಲ್ಲಿ ನಡೆದದ್ದು ಕಾಕಾನ ಬಾಯಿಂದ ಕೇಳಿದ್ದು, ಅಂದರೆ ಅವನು ಅದನ್ನು ಚೆನ್ನಾಗಿ ಬೇಯಿಸಿದ್ದಾನೆ. ಪೊಲೀಸಪ್ಪ ಬಂದೂಕನ್ನು ನೋಡಿ, "ಏನ್ರೀ ಯಜಮಾನ್ರ, ಅರಿಶಿಣ ಹಚ್ಚೀರಿ, ಲಗ್ನ ಯಾವಾಗ?" ಎಂದನಂತೆ. ಸಾಲಿನಲ್ಲಿದ್ದವರೆಲ್ಲ ನಕ್ಕರಂತೆ. ಇವನು, "ಗಂಡು ಗೊತ್ತಾಗಿಲ್ರಿ. ನಿಮ್ಮ ಠಾಣಾದಾಗ ಇಷ್ಟು ಬಂದೂಕು ಅದಾವ, ಯಾವುದಾರ ಒಪ್ಪಿದ್ರ ಹೇಳ್ರಿ," ಎಂದನಂತೆ.

ಚುನಾವಣೆ ಮುಗಿದು ಬಂದೂಕು ಮನೆಗೆ ಬಂತು. ತೆನೆ ಹಾಲು ತುಂಬಿತು. ಕಾಕಾ ಮತ್ತೆ ಹೊಲ ಕಾಯಲು ಹೋದ, ಚಿಗವ್ವ ಮತ್ತೆ ಪಡಸಾಲೆಯಲ್ಲಿ ಕೂತಳು.

ಹೀಗಿರುವಾಗ ನಾನು ಹೋಗಿದ್ದ ಒಂದು ಬೆಳಿಗ್ಗೆ, ಅವಳು ಗೋಡೆಗೆ ಆನಿಸಿದ್ದ ಬಂದೂಕಿನ ಮುಂದೆ ನಿಂತು ಕೂಗಿದಳು. "ಏ, ಇಲ್ಲಿ ಬಾ ಲಗೂನ. ರಕ್ತ ನೋಡು!"

ಹಳದಿಯ ಮೇಲೆ ಅಲ್ಲಲ್ಲಿ ಕೆಂಪು ಬೊಟ್ಟುಗಳು. ನಾನು ಓದಿದ್ದು ರಸಾಯನಶಾಸ್ತ್ರ. ಆದರೂ ನನಗಿಂತ ಮೊದಲು ಅವಳೇ ಹಣೆ ಚಚ್ಚಿಕೊಂಡು ನಕ್ಕಳು. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ ಎಂಬುದು ಕುಂಕುಮ ಮಾಡಿದ ಮನೆಯವಳಿಗೆ ಹೇಳಿಕೊಡಬೇಕೆ? ಕಾಕಾ ದಿನವಿಡೀ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕುವವನು. ಪಾಲಿಶ್ ಇಲ್ಲದ ಕಟ್ಟಿಗೆ ಅವನು ಮುಟ್ಟಿದ ಜಾಗವನ್ನೆಲ್ಲ ತೋರಿಸುತ್ತಿತ್ತು.

ನಗು ನಿಲ್ಲಿಸಿ ಅವಳು ಮತ್ತೆ ಬಗ್ಗಿ ನೋಡಿದಳು. ಹೆಗಲಿಗೆ ಹೊರುವಾಗ ಹಿಡಿಯುವ ಬುಡದಲ್ಲಿ ಕೆಂಪು ಇತ್ತು. ನಳಿಗೆಯ ಕೆಳಗೂ ಇತ್ತು. ಕಾಕಾ ಆಗಷ್ಟೇ ಮುಖ ತೊಳೆದು ಒಳಗೆ ಬಂದ.

"ಗುಂಡು ಹೊಡಿಯೂ ಮುಂದ ಮುಷ್ಟಿ ಎಲ್ಲಿ ಹಿಡೀತಾರ್ರಿ?"

"ಇಲ್ಲಿ." ಬೆರಳಿನಿಂದ ಎಳೆಯುವ ಕುದುರೆಯ, ಅಂದರೆ ಟ್ರಿಗರಿನ, ಹಿಂದೆ ಹಿಡಿ ಸಣ್ಣಗಾಗುವ ಕತ್ತನ್ನು ಅವನು ತೋರಿಸಿದ.

"ಮತ್ತ ಇಲ್ಲಿ ಯಾಕ ಒಂದೂ ಬೊಟ್ಟಿಲ್ಲ?"

ಕಾಕಾ ಟಾವೆಲ್ಲಿನಲ್ಲಿ ಮುಖ ಒರೆಸಿದ. ಒರೆಸುತ್ತಲೇ ಇದ್ದ. "ನಾ ಡಬ್ಬಿ ಬಾರಸ್ತೇನಿ," ಎಂದ ಕಡೆಗೆ.

"ಯಾವ ಡಬ್ಬಿ?"

"ಎಣ್ಣಿ ಡಬ್ಬಿ. ಬಡದ್ರ ಹಂದಿ ಓಡ್ತಾವ. ಒಮ್ಮೊಮ್ಮೆ ಓಡೂದಿಲ್ಲ."

"ಹಂಗಾರ ಇದನ್ನ ಯಾಕ ಹೊತ್ಕೊಂಡು ಹೋಗ್ತೀರಿ?"

"ಬಾಜೂ ಹೊಲದವ್ರು ನೋಡ್ತಾರಲ್ಲ." ಅವನು ಟಾವೆಲ್ ಹೆಗಲ ಮೇಲೆ ಹಾಕಿಕೊಂಡ. "ನಿಮ್ಮಣ್ಣನ ಕೈ ನಾನೂ ನೋಡೇನಲ್ಲ ಮಾರಾಯ್ತಿ."

ಚಿಗವ್ವ ಒಳಗೆ ಹೋದಳು. ಚಹಾ ತಂದುಕೊಟ್ಟಳು. ಅದಕ್ಕೆ ಸಕ್ಕರೆ ಹೆಚ್ಚಾಗಿತ್ತು ಎಂದು ನನ್ನ ನೆನಪು. ಬಹುಶಃ ಹಾಗಿದ್ದರೆ ಚೆನ್ನ ಎಂದು ನಾನೇ ಹಾಕಿದ ಸಕ್ಕರೆ.

ಸಂಜೆ ನಾನು ಹಾವೇರಿಯ ನನ್ನ ಮನೆಗೆ ಹೊರಟಾಗ ಕಾಕಾ, "ಬರೂ ಮುಂದ ಒಂದು ಪಾಲಿಶ್ ಡಬ್ಬಿ ತಗೊಂಡು ಬಾ," ಎಂದ.

"ಪಾಲಿಶ್ ಬ್ಯಾಡ. ಹಿಂಗ ಇರ್ಲಿ," ಎಂದಳು ಚಿಗವ್ವ.

ಅಂದಿನಿಂದ ಅವಳು ಮಲಗುತ್ತಾಳೆ. ಬೆಳಿಗ್ಗೆ ಕಸ ಗುಡಿಸುವಾಗ ಬಂದೂಕಿನ ಕತ್ತನ್ನು ಒಮ್ಮೆ ನೋಡುತ್ತಾಳೆ, ಅಷ್ಟೇ. ಹಳದಿ ಮಾಸಿದರೆ ತಾನೇ ಮತ್ತೊಂದು ಕೈ ಹಚ್ಚುತ್ತಾಳೆ.

ನನ್ನ ಬುದ್ಧಿಗೆ ಸುಮ್ಮನಿರಲು ಬರುವುದಿಲ್ಲ. ಗುಂಡು ಹೊಡೆದ ಮೇಲೆ ಕತ್ತಿಗೆ ನಿಂಬೆರಸ ಒರೆಸಿದರೆ ಅಲ್ಲಿಯ ಕೆಂಪು ತಿರುಗಿ ಹಳದಿಯಾಗುತ್ತದೆ. ಅಂದಮೇಲೆ ಆ ಕಟ್ಟಿಗೆಯ ಸಾಕ್ಷಿಯೂ ನನ್ನ ನೆನಪಿನಂತೆಯೇ, ಬೇಕಾದವರು ತಿದ್ದಬಹುದಾದದ್ದು. ಮೊನ್ನೆ ಕಾಕಾ ಇಲ್ಲದಾಗ ಈ ಅನುಮಾನವನ್ನು ಚಿಗವ್ವನಿಗೆ ಹೇಳಿಯೇಬಿಟ್ಟೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಿಂಬಿಹಣ್ಣಾ? ಇಷ್ಟ ವರ್ಷಾತು, ಈ ಮನ್ಯಾಗ ಉಪ್ಪಿನ ಡಬ್ಬಿ ಎಲ್ಲೈತಿ ಅಂತ ಗೊತ್ತಿಲ್ಲ ಅವ್ರಿಗೆ," ಎಂದಳು.