ಬೆನ್ನ ಮೇಲಿನ ಹಿತ್ತಾಳೆ ಪಂಪು

ನಮ್ಮನೆಯವರು ಆ ಹಿತ್ತಾಳೆ ಪಂಪನ್ನು ಬೆನ್ನಿಗೆ ಕಟ್ಟಿಕೊಂಡು ಅಲ್ಲಾಡದೆ ನಿಂತಿದ್ದ ಇಪ್ಪತ್ತು ನಿಮಿಷಗಳ ಬಗ್ಗೆ ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಹೇಳಲು ಹೊರಟರೆ ಅರ್ಧದಲ್ಲೇ ಬೇರೆ ಮಾತಿಗೆ ಹೊರಳುತ್ತೇನೆ. ಬರೆದರೆ ಆದೀತೇನೋ ಎಂದು ಕೂತಿದ್ದೇನೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹತ್ತು ಹನ್ನೆರಡು ಜನರ ಒಂದು ಬಳಗ ನಮ್ಮದು. ಹಿಂದಿನವರು ತೋಟಕ್ಕೆ ಬಳಸಿ ಮೂಲೆಗೆಸೆದ ಯಂತ್ರಗಳನ್ನು ಹುಡುಕುವುದು, ಯಾವ ಕಾಲದ್ದು, ಎಲ್ಲಿ ಮಾಡಿದ್ದು ಎಂದು ಗುರುತು ಹಿಡಿಯುವುದು ನಮ್ಮ ಹುಚ್ಚು. ಸೀಮೆಎಣ್ಣೆಯ ಇಂಜಿನ್ನು ಸಿಕ್ಕರೆ ಹಬ್ಬ. ಔಷಧಿ ಹೊಡೆಯುವ ಹಳೇ ಪಂಪು ಸಿಕ್ಕರೂ ಎರಡು ದಿನ ಫೋನು ಬಿಡುವಿರುವುದಿಲ್ಲ. ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಅಳತೆ, ತೂಕ, ಮೈಮೇಲಿನ ಗುರುತು ಎಲ್ಲ ಬರೆದಿಡುವ ಕೆಲಸ ನನ್ನದು. ಬಳಗದಲ್ಲಿ ಒಂದು ಪದ್ಧತಿಯಿದೆ. ನೀರು ಹಾರಿಸಿ ತೋರಿಸುವ ತನಕ ಯಾವ ಪಂಪಿಗೂ ಹೆಸರು ಬರೆಯುವುದಿಲ್ಲ. ತಂದವರೇ ಬೆನ್ನಿಗೆ ಹಾಕಿಕೊಂಡು ಹಾರಿಸಬೇಕು.

ಈ ಪಂಪು ನಮಗೆ ಸಿಕ್ಕಿದ್ದು ವಜ್ರಳ್ಳಿಯ ಪರಿಚಯದವರೊಬ್ಬರ ಕೊಟ್ಟಿಗೆಯ ಅಟ್ಟದಲ್ಲಿ, ಹರಿದ ಗೋಣಿಗಳ ಅಡಿಯಲ್ಲಿ. ಕೊಡಪಾನದಷ್ಟು ದಪ್ಪ, ಮೊಣಕೈಯುದ್ದದ ಹಿತ್ತಾಳೆ ಟ್ಯಾಂಕು. ಮೇಲೆ ಗಾಳಿ ಹೊಡೆಯುವ ಹಿಡಿಕೆ. ಹೆಸರಿನ ತಗಡು ಬೆಸುಗೆ ಕಿತ್ತು ಎಲ್ಲೋ ಬಿದ್ದುಹೋಗಿತ್ತು. ಮೈಯೆಲ್ಲ ಹಸಿರು ಕಿಲುಬು.

"ಹಂಗೇ ತಗಂಡು ಬನ್ನಿ, ತಿಕ್ಕಡಿ, ಗುರುತು ಅಳಿಸಿಹೋಗ್ತು," ಎಂದು ಸಿದ್ದಾಪುರದ ಮಾಸ್ತರು ಫೋನಿನಲ್ಲಿ ಎರಡೆರಡು ಸಲ ಹೇಳಿದ್ದರು. ಅವರು ನಿವೃತ್ತ ವಿಜ್ಞಾನದ ಮಾಸ್ತರು. ಗುರುತು ಹಿಡಿಯುವುದರಲ್ಲಿ ಬಳಗಕ್ಕೇ ದೊಡ್ಡವರು. ತಿಕ್ಕಬೇಡ ಎಂಬ ಅವರ ಮಾತನ್ನು ನಾನು ಕೇಳಲಿಲ್ಲ. ದಿನಾ ದೇವರ ಪಾತ್ರೆ ತಿಕ್ಕುವ ಕೈಗೆ ಕಿಲುಬು ಕಂಡರೆ ಸುಮ್ಮನಿರಲಾಗುವುದಿಲ್ಲ. ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು ಹಿಡಿದು ಬಾವಿಕಟ್ಟೆಯಲ್ಲಿ ನಾಲ್ಕು ಮಧ್ಯಾಹ್ನ ತಿಕ್ಕಿದೆ. ಮುಚ್ಚಳದ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ತೂತೊಂದಿತ್ತು. ತಿಕ್ಕುತ್ತ ತಿಕ್ಕುತ್ತ ಅದರಲ್ಲಿ ಬೂದಿ ತುಂಬಿ, ಮೈ ಒಂದೇ ಸಮ ನುಣ್ಣಗಾಯಿತು. ನನಗೆ ಖುಷಿಯೇ ಆಯಿತು.

ಆ ಭಾನುವಾರ ಮಾಸ್ತರ ಮನೆಯ ಕಾರ್ ಶೆಡ್ಡಿನ ಮುಂದೆ ಸೇರಿದ್ದೆವು. ಬೇಸಿಗೆಯ ಬಿಸಿಲು. ಪಂಪು ನೋಡಿದ ಮಾಸ್ತರು ಕನ್ನಡಕ ಏರಿಸಿದರು.

"ಎಂತ ಮಾರಾಯ್ತಿ, ಪಂಪು ತಂದಿದ್ಯ, ಕಲಶ ತಂದಿದ್ಯ? ಇದ್ಕೆ ಮಾವಿನೆಲೆ ಇಡದೊಂದು ಬಾಕಿ."

ಎಲ್ಲರೂ ನಕ್ಕರು. ಮಾಸ್ತರು ಹಿಡಿಕೆಯ ಆಕಾರ ನೋಡಿದರು, ತಳದ ಬೆಸುಗೆಯ ಮೇಲೆ ಬೆರಳಾಡಿಸಿದರು. ಏಲಕ್ಕಿಗೆ ಔಷಧಿ ಹೊಡೆಯಲು ಮಾಡಿದ್ದು, ಮುಂಬೈ ಕಡೆಯದು ಎಂದರು. ನಮ್ಮನೆಯವರು ಅರ್ಧ ಟ್ಯಾಂಕು ನೀರು ತುಂಬಿ ಹಿಡಿಕೆಗೆ ಕೈ ಹಾಕಿದರು.

"ಈ ಜಾತಿ ಪಂಪಿಗೆ ಗಾಳಿ ಜಾಸ್ತಿ ಆದ್ರೆ ತಾನೇ ಸುಂಯ್ ಹೇಳಿ ಬಿಟ್ಕತ್ತು," ಎಂದರು ಮಾಸ್ತರು. "ಸದ್ದು ಬಪ್ಪಲ್ಲಿವರೆಗೂ ಹೊಡಿ, ಹೆದರಡ. ನಲವತ್ತು ಸಲ ಸಾಕಾಗ್ತು."

ನಲವತ್ತಾಯಿತು. ಸದ್ದಿಲ್ಲ. ಐವತ್ತಾಯಿತು.

"ವಾಶರ್ರು ಒಣಗಿಹೋಯ್ದು, ಗಾಳಿ ನಿಲ್ತಾ ಇಲ್ಲೆ," ಎಂದು ಮಾಸ್ತರು ತೀರ್ಪು ಕೊಟ್ಟರು. "ಹೊಡಿ, ಹೊಡಿ. ಊಟ ಮಾಡ್ಕಂಡೇ ಬಂದಿದ್ಯ ಅಲ್ದಾ?"

ಹಿಡಿಕೆ ಒತ್ತಲು ನಮ್ಮನೆಯವರು ಮೈಭಾರವನ್ನೆಲ್ಲ ಹಾಕಬೇಕಾಗಿತ್ತು. ಗಾಳಿ ನಿಲ್ಲದಿದ್ದರೆ ಹಿಡಿಕೆ ಅಷ್ಟು ಬಿಗಿಯಾಗುವುದು ಹೇಗೆ ಎಂದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಎಂಬತ್ತಕ್ಕೆ ನಿಲ್ಲಿಸಿ, ಪಂಪನ್ನು ಬೆನ್ನಿಗೇರಿಸಿ, ಪಟ್ಟಿಗಳನ್ನು ತಳದ ಕೊಕ್ಕೆಗೆ ಸಿಕ್ಕಿಸಿಕೊಂಡರು. ನೀರು ಬಿಡುವ ನಲ್ಲಿ ತಿರುಗಲಿಲ್ಲ. ಜೋರಾಗಿ ತಿರುಗಿಸಿದಾಗ ಅದರ ಕಿವಿ ಮುರಿದು ಅವರ ಕೈಗೇ ಬಂತು. ಮತ್ತೆ ನಗು.

ಆ ನಗುವಿನ ನಡುವೆ ಟ್ಯಾಂಕು ಟಿಕ್ ಎಂದಿತು.

ಸ್ವಲ್ಪ ಬಿಟ್ಟು ಇನ್ನೊಮ್ಮೆ, ಟಿಕ್.

ನಮ್ಮ ಬಳಗದಲ್ಲಿ ಶಿರಸಿಯ ಸಾಬರೊಬ್ಬರಿದ್ದಾರೆ. ಬೈಕು, ಪಂಪ್‌ಸೆಟ್ ರಿಪೇರಿಯ ಅಂಗಡಿ ಅವರದು. ನನ್ನನ್ನು ಅಕ್ಕ, ನಮ್ಮನೆಯವರನ್ನು ಭಾವ ಎನ್ನುತ್ತಾರೆ. ಅವರು ನಗುತ್ತಲೇ ಹಿಂದೆ ಬಂದು, ಕುಕ್ಕರಗಾಲಲ್ಲಿ ಕೂತು ಟ್ಯಾಂಕಿನ ತಳ ನೋಡಿದರು. ಎದ್ದು ನಿಂತಾಗ ಮುಖದಲ್ಲಿ ನಗುವಿರಲಿಲ್ಲ.

"ಭಾವಾ, ನಿಂತಲ್ಲೇ ನಿಲ್ರಿ. ಬಗ್ಗಬೇಡಿ." ಆಮೇಲೆ ಉಳಿದವರ ಕಡೆ ತಿರುಗಿ, "ಎಲ್ರೂ ಕಾರಿನ ಹಿಂದೆ ಹೋಗ್ರಿ. ಅಕ್ಕಾ, ನೀವೂ."

ನಾನು ಹೋಗಲಿಲ್ಲ. ಸಾಬರು ನೋಡಿದ ಕಡೆಗೇ ಬಗ್ಗಿ ನೋಡಿದೆ. ತಳದ ತಗಡು ಬೋಗುಣಿಯ ತಳದಂತೆ ಕೆಳಕ್ಕೆ ಉಬ್ಬಿತ್ತು. ಬೆಸುಗೆಯ ಗೆರೆಯಲ್ಲಿ ಒಂದು ಹನಿ ನೀರು ಮೂಡಿ ಅಲ್ಲೇ ನಡುಗುತ್ತಿತ್ತು.

"ಎಂತ ಆಯ್ದು? ಹಿಂದೆ ಎಂತ ಕಾಣ್ತು?" ಎಂದರು ನಮ್ಮನೆಯವರು, ಕುತ್ತಿಗೆ ತಿರುಗಿಸದೆ.

"ಎಂತೂ ಇಲ್ಲೆ," ಎಂದೆ.

ಸಾಬರು ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದರು. "ನಮ್ಮ ಅಂಗಡೀಲಿ ಒಂದ್ಸಲ ಗಾಳಿ ಟ್ಯಾಂಕು ಒಡೆದಿತ್ತು ಅಕ್ಕಾ. ಮ್ಯಾಲಿನ ಶೀಟು ಹರಿದು ಹೋತು. ಮನುಷ್ಯ ಯಾರೂ ಇರ್ಲಿಲ್ಲ, ಅದೊಂದು ಪುಣ್ಯ." ಪಟ್ಟಿ ಬಿಚ್ಚೋಣವೆಂದರೆ ಕೊಕ್ಕೆಗಳು ಉಬ್ಬಿದ ತಗಡಿನಡಿ ಸಿಕ್ಕಿಕೊಂಡಿದ್ದವು. ಕೊಯ್ದರೆ ಟ್ಯಾಂಕು ಸಿಮೆಂಟಿನ ಮೇಲೆ ಬೀಳುತ್ತಿತ್ತು. ಮುಚ್ಚಳ ತಿರುಗಿಸಿದರೆ ಅದು ಗುಂಡಿನಂತೆ ಹಾರುತ್ತಿತ್ತು, ಅವರ ತಲೆಯ ಪಕ್ಕದಲ್ಲೇ. ನಮ್ಮನೆಯವರ ಕುತ್ತಿಗೆಯಿಂದ ಬೆವರು ಇಳಿದು ಅಂಗಿಯ ಕಾಲರು ಕಪ್ಪಾಗುತ್ತಿತ್ತು. ಅವರ ಕುತ್ತಿಗೆಯ ಹಿಂದೆ ಅಷ್ಟು ನರೆಗೂದಲಿದೆ ಎಂದು ನಾನು ಕಂಡದ್ದು ಅವತ್ತೇ.

"ಮಾಸ್ತರೇ, ಗಾಳಿ ಬಿಡೋ ತೂತು ಎಲ್ಲಿರ್ತದೆ?" ಸಾಬರು ಕೇಳಿದರು.

"ಮುಚ್ಚಳದ ಪಕ್ಕ," ಕಾರಿನ ಹಿಂದಿನಿಂದ ಉತ್ತರ ಬಂತು. "ಒಳಗೆ ಸಣ್ಣ ಸ್ಪ್ರಿಂಗ್ ಇರ್ತು."

"ಇಲ್ಲಿ ಏನೂ ಇಲ್ಲ. ಕನ್ನಡಿ ಇದ್ದಂಗಿದೆ."

ಮಾಸ್ತರು ಕಾರಿನ ಮೇಲಿಂದ ಇಣುಕಿದರು. "ಹಂಗಾರೆ ಇದು ಆ ಪಂಪೇ ಅಲ್ಲ," ಎಂದರು. ದನಿ ಸಣ್ಣದಾಗಿತ್ತು. "ಆನು ಗುರುತು ಹಿಡಿದದ್ದೇ ತಪ್ಪಾತು."

ಮಾಸ್ತರು ಹಿಡಿದ ಗುರುತು ಸರಿಯಿತ್ತು. ಅದನ್ನು ಅಳಿಸಿದವಳು ನಾನು.

"ಇದ್ದು," ಎಂದೆ. "ತೂತು ಇದ್ದು. ಆನೇ ಮುಚ್ಚಿದ್ದು. ತಿಕ್ಕಕ್ಕಾರೆ ಬೂದಿ ತುಂಬಿಹೋತು."

ಸಾಬರು ಕೈ ಚಾಚಿ, "ಎಲ್ಲಿ ತೋರಿಸ್ರಿ," ಎಂದರು. ತೋರಿಸಲು ನನಗೆ ಕಾಣಲೂ ಇಲ್ಲ. ಬಿಸಿಲಿಗೆ ಹಿತ್ತಾಳೆ ಕಣ್ಣು ಕುಕ್ಕುತ್ತಿತ್ತು. ಆದರೆ ನಾಲ್ಕು ಮಧ್ಯಾಹ್ನ ತಿಕ್ಕಿದ ಬೆರಳಿಗೆ ಗೊತ್ತಿತ್ತು. ಬಳೆಯಲ್ಲಿದ್ದ ಪಿನ್ನು ತೆಗೆದೆ. ಕೆನ್ನೆಯನ್ನು ಟ್ಯಾಂಕಿಗೆ ತಾಗುವಷ್ಟು ಹತ್ತಿರ ತಂದು ಉಗುರಿನಿಂದ ಸವರುತ್ತ ಹೋದೆ. ಒಂದು ಕಡೆ ಉಗುರಿಗೆ ಚೂರು ಒರಟು ಸಿಕ್ಕಿತು. ಪಿನ್ನಿನ ತುದಿಯಿಟ್ಟು ಕೆದಕಿದೆ. ಹುಣಸೆರಸ ಕುಡಿದ ಬೂದಿ ಗಾರೆಯಂತೆ ಗಟ್ಟಿಯಾಗಿತ್ತು.

ಟಿಕ್. ಅದು ನನ್ನ ಹಲ್ಲಿನೊಳಗೇ ಆದಂತಿತ್ತು.

"ನಿನ್ನ ಕೈ ನಡುಗ್ತಾ ಇದ್ದು," ಎಂದರು ನಮ್ಮನೆಯವರು ಮೆಲ್ಲಗೆ. "ಬೆನ್ನಿಗೆ ಗೊತ್ತಾಗ್ತು."

"ಸುಮ್ನೆ ನಿಲ್ಲಿ."

"ನಿಂತಿದ್ನಲೆ, ಮತ್ತೆಂತ ಕುಣೀತ್ನ?"

ಎರಡನೇ ಸಲ ಬೂದಿಯ ಪುಡಿ ಉದುರಿತು. ಮೂರನೆಯದಕ್ಕೆ ಪಿನ್ನು ಒಳಗಿಳಿಯಿತು. ಸುಂಯ್ ಎಂದು ಗಾಳಿಯ ಜೊತೆ ಬೂದಿ ನನ್ನ ಕಣ್ಣಿಗೇ ಹಾರಿತು. ಕಣ್ಣು ಮುಚ್ಚಿಕೊಂಡೇ ಕೇಳುತ್ತ ನಿಂತೆ. ಬೂದಿ ಸಿಕ್ಕಿಕೊಂಡಿದ್ದರಿಂದ ಒಳಗಿನ ಸ್ಪ್ರಿಂಗಿಗೆ ಮತ್ತೆ ಮುಚ್ಚಲಾಗಲಿಲ್ಲ. ಗಾಳಿ ಹೋಗುತ್ತಲೇ ಇತ್ತು, ಹೋಗುತ್ತಲೇ ಇತ್ತು. ಮುಗಿಯಿತು ಎನ್ನುವಾಗ ದಡ್ ಎಂದು ದೊಡ್ಡ ಸದ್ದಾಯಿತು. ಆಯಿತು, ಹೋಯಿತು ಎಂದುಕೊಂಡೆ.

"ಏನಿಲ್ಲ, ಏನಿಲ್ಲ, ತಳ ಒಳಗೆ ಹೋತು," ಎನ್ನುತ್ತ ಸಾಬರು ನಮ್ಮಿಬ್ಬರ ತೋಳನ್ನೂ ಹಿಡಿದುಕೊಂಡಿದ್ದರು. ಉಬ್ಬಿದ ತಗಡು ಮತ್ತೆ ತನ್ನ ಜಾಗಕ್ಕೆ ಕೂತ ಸದ್ದು ಅದು. ಸಾಬರ ಕೈಯೂ ಬೆವರಿ ಒದ್ದೆಯಾಗಿತ್ತು.

ಪಟ್ಟಿ ಬಿಚ್ಚಿದರು. ಮಾಸ್ತರ ಹೆಂಡತಿ ತಂದ ಮಜ್ಜಿಗೆಯನ್ನು ಯಾರೂ ಪೂರ್ತಿ ಕುಡಿಯಲಿಲ್ಲ. ಪಂಪನ್ನು ಶೆಡ್ಡಿನ ಮೂಲೆಯಲ್ಲಿ ಬಿಟ್ಟು ಬೇಗ ಹೊರಟೆವು.

ಶಿರಸಿ ರಸ್ತೆಯಲ್ಲಿ ಕಾರನ್ನು ನಮ್ಮನೆಯವರೇ ಓಡಿಸುತ್ತಿದ್ದರು. ಬೈಯಲಿ ಎಂದು ಕಾದಿದ್ದೆ. ತಪ್ಪಾತು ಎನ್ನಲು ಎರಡು ಸಲ ಬಾಯಿ ತೆರೆದು ಮುಚ್ಚಿದೆ. ಒಂದು ತಿರುವು ದಾಟಿದ ಮೇಲೆ ಅವರೇ ಕೇಳಿದರು.

"ಅಷ್ಟು ಹತ್ರ ಮುಖ ಇಟ್ಕಂಡಿದ್ಯಲೆ. ಒಡೆದಿದ್ರೆ ಮೊದ್ಲು ನಿಂಗೇ ಬಡೀತಿತ್ತು. ಗೊತ್ತಿತ್ತಾ?"

ಗೊತ್ತಿರಲಿಲ್ಲ. ಅವರ ಬೆನ್ನು, ಅವರ ಕುತ್ತಿಗೆ, ಅಷ್ಟೇ ಕಣ್ಣಿಗೆ ಕಟ್ಟಿತ್ತು. ನನಗೂ ಒಂದು ಮುಖವಿದೆ ಎಂಬುದು ಅಲ್ಲಿಯ ತನಕ ನೆನಪೇ ಬಂದಿರಲಿಲ್ಲ. ಈಗ ಬಂತು. ಕೂತಲ್ಲೇ ತೊಡೆ ಥರಥರ ಕುಣಿಯತೊಡಗಿತು. ಎರಡೂ ಕೈಯಲ್ಲಿ ಒತ್ತಿ ಹಿಡಿದರೂ ನಿಲ್ಲಲಿಲ್ಲ.

ಅವರು ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ನೀರಿನ ಬಾಟಲಿ ಕೊಟ್ಟರು. ನನಗೆ ಅದರ ಮುಚ್ಚಳ ತಿರುಗಿಸಲಾಗಲಿಲ್ಲ. ಇಸಿದುಕೊಂಡು ಅವರೂ ತಿರುಗಿಸಿ ನೋಡಿದರು. ಅವರಿಗೂ ಆಗಲಿಲ್ಲ. ಬಾಟಲಿಯನ್ನು ನಡುವೆ ಇಟ್ಟುಕೊಂಡು, ಎದುರಿನಿಂದ ಬರುವ ಲಾರಿಗಳನ್ನು ನೋಡುತ್ತ ಕೂತೆವು.