ರೇಡಿಯೋದಲ್ಲಿ ಅರ್ಧಕ್ಕೆ ನಿಂತ ಆರತಿ ಪದ

ಎದುರುಮನೆ ದೊಡ್ಡಮ್ಮನ ಬಲಗಿವಿಯ ಹಾಲೆ ಹರಿದು ಎರಡಾಗಿತ್ತು. ಭಾರದ ಓಲೆ ಎಳೆದೂ ಎಳೆದೂ ಹಾಗಾಗಿದ್ದಂತೆ. ಹಾಡುವಾಗ ಆ ಕಿವಿಯನ್ನೇ ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದಳು. ಅಶೋಕಪುರಂನ ನಮ್ಮ ಬೀದಿಯಲ್ಲಿ ಅವಳ ಸೋಬಾನೆ ಇಲ್ಲದೆ ಮದುವೆಯೇ ಇಲ್ಲ. ಬಾಯಿಯೂ ಅಷ್ಟೇ ಜೋರು. ನಲ್ಲಿ ಹತ್ತಿರ ಯಾರಾದರೂ ಸರದಿ ತಪ್ಪಿಸಿದರೆ ಅವರ ವಂಶವನ್ನೇ ಜಾಲಾಡಿಬಿಡುತ್ತಿದ್ದಳು.

ಸ್ವಾತಂತ್ರ್ಯ ಬಂದು ಕೆಲವು ವರ್ಷವಾಗಿತ್ತು. ಆಗ ಮೈಸೂರಿಗೆ ಅಂತಲೇ ಒಂದು ರೇಡಿಯೋ ನಿಲಯವಿತ್ತು. ಹೆಂಗಸರ ಕಾರ್ಯಕ್ರಮಕ್ಕೆ ದೊಡ್ಡಮ್ಮನನ್ನು ಕರೆದರು. ಸರಿಯಾಗಿ ಅದೇ ಹೊತ್ತಿಗೆ ನನ್ನ ಮದುವೆಯ ಆರತಿ. ನಾನು ಅತ್ತುಬಿಟ್ಟೆ.

"ಯಾಕಳ್ತೀಯೇ ಪೆದ್ದಿ! ಅಲ್ಲಿಂದ್ಲೇ ನಿನ್ ಆರತಿ ಪದ ಹಾಡ್ತೀನಿ. ರೇಡಿಯೋ ಮುಂದೆ ಕೂತ್ಕೊ. ಮೈಸೂರೆಲ್ಲ ಕೇಳ್ಲಿ!"

ಬೀದಿಯ ಮೇಷ್ಟರ ಮನೆಯ ರೇಡಿಯೋ ನಮ್ಮ ಚಪ್ಪರಕ್ಕೆ ಬಂತು. ಹಸೆಮಣೆಯಲ್ಲಿ ನಾವಿಬ್ಬರು, ಎದುರಿಗೆ ಆರತಿ ತಟ್ಟೆ ಹಿಡಿದ ಮುತ್ತೈದೆಯರು. ದೊಡ್ಡಮ್ಮನ ದನಿ ಕೇಳಿದ್ದೇ ಅಮ್ಮ ಗಳಗಳ ಅತ್ತಳು. ಪದ ಅರ್ಧವಾಗಿತ್ತಷ್ಟೇ, ಪಟ್ಟನೆ ಹಾಡು ನಿಂತು ಯಾವನೋ ಹವಾಮಾನ ವರದಿ ಓದತೊಡಗಿದ! ಹೊತ್ತು ಮುಗಿಯಿತಂತೆ, ಹೊತ್ತು!

ನಮ್ಮಲ್ಲಿ ಆರತಿ ಪದ ಎತ್ತಿದವಳೇ ಅದನ್ನು ಮುಗಿಸಬೇಕು, ಅಲ್ಲಿಯತನಕ ತಟ್ಟೆ ಇಳಿಸುವಂತಿಲ್ಲ. ಗಂಡಿನ ಕಡೆಯವರು ಅಪಶಕುನ ಎಂದು ಗುಸುಗುಸು ಶುರುಮಾಡಿದರು. ನನ್ನತ್ತೆ ಮುಖ ತಿರುಗಿಸಿದರು. "ಬಂದೇ ಬತ್ತಾಳೆ, ತಡೀರಿ" ಎಂದು ಅಮ್ಮ ಕೈಮುಗಿದಳು. ಮುತ್ತೈದೆಯರು ಕೈ ಬದಲಿಸಿಕೊಳ್ಳುತ್ತ ನಿಂತೇ ಇದ್ದರು.

ಕಡೆಗೂ ದೊಡ್ಡಮ್ಮ ಜಟಕಾದಿಂದ ಧುಮುಕಿದಳು. ಯಾರನ್ನೂ ಮಾತಾಡಿಸದೆ, ಬಿಟ್ಟ ಸಾಲಿನಿಂದಲೇ ಎತ್ತಿ ಪದ ಮುಗಿಸಿದಳು. ತಟ್ಟೆ ಇಳಿಯಿತು. ಆಮೇಲೆ ಬೈಗುಳ.

"ಆ ರೇಡಿಯೋದವ್ನು ಗಡಿಯಾರ ತೋರಿಸ್ತಾನೆ ಕಣಮ್ಮ ನಂಗೆ! ಹೆಣ್ಣು ಹಸೆ ಮೇಲವ್ಳೆ ಸ್ವಾಮಿ, ಇನ್ನೊಂಚೂರು ಅದೆ ಅಂದ್ರೂ ಕೇಳ್ಳಿಲ್ಲ. ಅವ್ನ ಗಡಿಯಾರಕ್ಕಿಷ್ಟು ಬೆಂಕಿ ಹಾಕ!"

ನಿಲಯದಿಂದ ಮತ್ತೆ ಕರೆಯಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿದಳು. "ನಾ ಬರಾಕಿಲ್ಲ. ಮಳೆ ಬತ್ತದೋ ಇಲ್ವೋ ಅಂತ ನೀವೇ ಓದ್ಕಳಿ, ಹೋಗಿ."

ಮುಂದೆ ನಿಲಯವನ್ನೇ ಬೆಂಗಳೂರಿಗೆ ಹೊತ್ತುಕೊಂಡು ಹೋದರು. ಮೈಸೂರಿನವರು ಬಾಯಿ ಸತ್ತವರ ಹಾಗೆ ನೋಡುತ್ತ ನಿಂತೆವು. ದೊಡ್ಡಮ್ಮ "ಹೋಗ್ಲಿ ಬುಡು" ಅಂದಳು. ಆದರೆ ಅವತ್ತು ಅವಳು ಉಣ್ಣಲಿಲ್ಲ.

ಅವಳು ತೀರಿಕೊಂಡ ಮೇಲೆ, ಅವಳ ದನಿ ಎಲ್ಲಾದರೂ ಉಳಿದಿದೆಯೇ ಎಂದು ಬೆಂಗಳೂರಿಗೂ ಹೋಗಿ ವಿಚಾರಿಸಿದೆ. ಆಗೆಲ್ಲ ಹಾಡಿದ್ದು ಹಾಡಿದ ಹಾಗೇ ಹೋಗುತ್ತಿತ್ತು, ಹಿಡಿದಿಟ್ಟಿಲ್ಲ ಎಂದರು. ಹೇಳಿದವರ ಮುಖದಲ್ಲಿ ಒಂದಿಷ್ಟು ಬೇಸರವೂ ಇರಲಿಲ್ಲ. ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ, ಇಳಿಯುವುದೂ ಬೇಡ. ನನ್ನ ಸಂಸಾರ ಗಟ್ಟಿಯಾಗಿ ನಿಂತಿದೆ. ಅದನ್ನು ಹರಸಿದವಳ ದನಿ ಹೇಗಿತ್ತು ಎಂದು ಮಕ್ಕಳು ಕೇಳಿದರೆ, ಕೇಳಿಸಲು ನನ್ನ ಹತ್ತಿರ ಏನೂ ಇಲ್ಲ.